ಮೆಲುದನಿಯ ಸಿನಿಮಾ ಸಂಗೀತ ಕೇಳುವುದು ಹೇಗೆ: ಖಯಾಲ್ ಕೇಳಿದ ಕಿವಿಗೊಂದು ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದವರಿಗೆ ಸಂಗೀತ ಕೇಳುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಕೂತು, ಬೆಳಗಿನ ರಾಗ ಮುಗಿದ ಮೇಲೇ ಎದ್ದು ಬರುವ ಜನ ನಾವು. ಒಂದು ನಿಷಾದಕ್ಕಾಗಿ ಹತ್ತು ನಿಮಿಷ ಕಾಯುತ್ತೇವೆ. ಅದೇ ಜನ ಸಿನಿಮಾದ ಪ್ರೇಮದ ದೃಶ್ಯದಲ್ಲಿ ವಯೊಲಿನ್ ಶುರುವಾದ ಕೂಡಲೇ ‘ಬಂತು ನೋಡ್ರಿ, ಅಳಸೋ ಮ್ಯೂಸಿಕ್’ ಅಂತ ಮೊಬೈಲ್ ತೆಗೆಯುತ್ತಾರೆ. ಕಿವಿಯಲ್ಲಿ ತಾಳ್ಮೆ ಇದೆ. ಒಂದೇ ಒಂದು ಅಭ್ಯಾಸ ಇಲ್ಲ ಅಷ್ಟೇ.

ಆ ಅಭ್ಯಾಸ ಯಾವುದು? ನಮ್ಮ ಸಂಗೀತದಲ್ಲಿ ಸಾ ಅಲುಗಾಡುವುದಿಲ್ಲ. ತಂಬೂರಿ ಹಿಡಿದ ನೆಲದ ಮೇಲೆ ರಾಗ ಓಡಾಡುತ್ತದೆ. ಆರ್ಕೆಸ್ಟ್ರಾದಲ್ಲಿ ನೆಲವೇ ಸರಿಯುತ್ತದೆ. ಮೇಲಿನ ಸ್ವರ ಸುಮ್ನೆ ನಿಂತಿರುತ್ತದೆ, ಕೆಳಗೆ ಎಲ್ಲವೂ ಬದಲಾಗಿರುತ್ತದೆ. ಪ್ರೇಮದ ಹಿನ್ನೆಲೆ ಸಂಗೀತದ ಅರ್ಧ ಗುಟ್ಟು ಅಲ್ಲಿದೆ. ಇನ್ನರ್ಧ ಗುಟ್ಟು, ಸಂಗೀತ ನಿಮ್ಮಿಂದ ಎಷ್ಟು ದೂರದಲ್ಲಿದೆ ಅನ್ನುವುದರಲ್ಲಿ. ನಾನಿಲ್ಲಿ ಹೇಳುತ್ತಿರುವುದು ಯುದ್ಧಕ್ಕೂ ಹೀರೋ ಎಂಟ್ರಿಗೂ ಬಾರಿಸುವ ಸಂಗೀತದ ಬಗ್ಗೆ ಅಲ್ಲ. ಇಬ್ಬರು ಒಂದು ಕೋಣೆಯಲ್ಲಿದ್ದು ಏನೂ ಮಾತಾಡದೆ ಇರುವಾಗ ಕೇಳಿಸುವ ಸಂಗೀತದ ಬಗ್ಗೆ.

ಮೊದಲು ಫೋನ್ ಸ್ಪೀಕರ್ ಬಿಡಿ

ವಯೊಲಿನ್ ಕುಟುಂಬದ ದೊಡ್ಡ ವಾದ್ಯವಾದ ಚೆಲ್ಲೊದ ಅತಿ ಕೆಳಗಿನ ತಂತಿ ಸುಮಾರು 65 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 65 ಸಲ ಕಂಪಿಸಿ ನುಡಿಯುತ್ತದೆ. ಅದಕ್ಕಿಂತ ದೊಡ್ಡದಾದ ಡಬಲ್ ಬೇಸ್‌ನದು ಇನ್ನೂ ಕೆಳಗೆ, 41 ಹರ್ಟ್ಜ್ ಹತ್ತಿರ. ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗಿನ ನಾದ ಹೊರಡಿಸುವ ಶಕ್ತಿಯೇ ಇಲ್ಲ. ಅಂದರೆ ನೆಲ ಸರಿಯುವುದು ನಿಮಗೆ ಸರಿಯಾಗಿ ಕೇಳಿಸುವುದೇ ಇಲ್ಲ. ಮೇಲಿನ ರಾಗ ಮಾತ್ರ ಕೇಳಿ ‘ಅಷ್ಟೇನಾ’ ಅನಿಸುತ್ತದೆ.

ದುಬಾರಿ ಸಾಮಾನು ಬೇಡ. ವಯರ್ ಇರುವ ಒಂದು ಸಾಧಾರಣ ಇಯರ್‌ಫೋನ್ ಸಾಕು. ಫೋನಿನ ಸೆಟ್ಟಿಂಗ್‌ನಲ್ಲಿ ಈಕ್ವಲೈಸರ್, ಬೇಸ್ ಬೂಸ್ಟ್, ಸರೌಂಡ್ ಇತ್ಯಾದಿ ಏನಿದ್ದರೂ ಆಫ್ ಮಾಡಿ. ವಾಲ್ಯೂಮನ್ನು ಜೋರಾದ ಭಾಗ ನೋಡಿ ಇಡಬೇಡಿ. ಅತಿ ಮೆತ್ತಗಿನ ಭಾಗ ಕಷ್ಟಪಟ್ಟರೆ ಕೇಳುವಷ್ಟಿರಲಿ. ಈ ಸಂಗೀತ ಬರೆದವರಿಗೆ ನೀವು ಸ್ವಲ್ಪ ಕಿವಿಗೊಡುವುದೇ ಬೇಕಾಗಿರುವುದು.

ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುತ್ತಾ ಕೇಳಬಹುದಲ್ಲ ಅಂತ ಕೇಳುತ್ತಾರೆ. ಎ.ಸಿ. ಬಸ್ಸು, ಕುಲುಕಾಟ ಇಲ್ಲ, ನಿಜ. ಆದರೆ ನಿಲ್ದಾಣಕ್ಕೊಮ್ಮೆ ಅನೌನ್ಸ್‌ಮೆಂಟ್ ಬರುತ್ತದೆ. ಬಸ್ಸಿಗೆ ಹಾಡು ಸರಿ. ಇದಕ್ಕೆ ರಾತ್ರಿ ಹತ್ತರ ನಂತರದ ಹೊತ್ತು, ಇಲ್ಲವೇ ಹಾಲಿನವರು ಬರುವ ಮೊದಲಿನ ಬೆಳಗು.

ಹುಡುಕುವಾಗ ಸಿನಿಮಾ ಹೆಸರಿನ ಜೊತೆ ಸಂಯೋಜಕರ ಹೆಸರನ್ನೂ, ‘ಒರಿಜಿನಲ್ ಸೌಂಡ್‌ಟ್ರ್ಯಾಕ್’ ಅಂತಲೂ ಹಾಕಿ. ಇಲ್ಲದಿದ್ದರೆ ಯಾರೋ ಕೀಬೋರ್ಡಿನಲ್ಲಿ ನುಡಿಸಿದ್ದು, ವೇಗ ಇಳಿಸಿ ಗುಂಯ್‌ಗುಡಿಸಿದ್ದು, ಮಳೆ ಸದ್ದು ಸೇರಿಸಿದ್ದು ಮೇಲೆ ಮೇಲೆ ಬರುತ್ತವೆ. ಕೀಬೋರ್ಡಿನ ತಂತಿವಾದ್ಯ ಪತ್ತೆ ಹಚ್ಚುವುದು ಸುಲಭ: ಪ್ರತಿ ಸ್ವರವೂ ಒಂದೇ ಥರ ಹುಟ್ಟುತ್ತದೆ. ನಿಜವಾದ ಕಮಾನು ತಂತಿಯನ್ನು ಹಿಡಿಯುವ ಕ್ಷಣದಲ್ಲಿ ಸಣ್ಣ ಉಜ್ಜಾಟ ಇರುತ್ತದೆ. ಎರಡು ಸಲ ಅದು ಒಂದೇ ರೀತಿ ಬರುವುದಿಲ್ಲ.

ಗೊತ್ತಿರುವ ಹಾಡಿನಿಂದ ಶುರು ಮಾಡಿ

ನೇರವಾಗಿ ಹಾಲಿವುಡ್‌ಗೆ ಹಾರಬೇಡಿ. ನಮ್ಮ ಕಿವಿ ಆರ್ಕೆಸ್ಟ್ರಾ ಕೇಳಿರುವುದು ಕನ್ನಡ ಹಾಡುಗಳಲ್ಲಿ, ಪಲ್ಲವಿಗೂ ಚರಣಕ್ಕೂ ನಡುವಿನ ಜಾಗದಲ್ಲಿ. ಅರವತ್ತರಿಂದ ಎಂಬತ್ತರ ದಶಕದವರೆಗಿನ ಕನ್ನಡ ಸಿನಿಮಾ ಹಾಡುಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲಿ ರೆಕಾರ್ಡ್ ಆದವು. ಗಾಯಕರು, ವಯೊಲಿನ್ ಸಾಲು, ಕೊಳಲು, ತಾಳವಾದ್ಯ ಎಲ್ಲ ಒಟ್ಟಿಗೆ ಕೂತು ನುಡಿಸುತ್ತಿದ್ದ ಕಾಲ ಅದು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಇವರ ಯಾವುದಾದರೂ ಪ್ರೇಮಗೀತೆ ತಗೊಳ್ಳಿ. ನಿಮಗೆ ಬಾಯಿಪಾಠ ಇರುವುದೇ ಆಗಲಿ. ಈ ಸಲ ಮಾತಿನ ಕಡೆ, ದನಿಯ ಕಡೆ ಗಮನ ಬೇಡ. ನಡುವಿನ ಸಂಗೀತ ಬಂದಾಗ ಮಾತ್ರ ಎಚ್ಚರವಾಗಿ. ಆಮೇಲೆ ಇನ್ನೊಂದು ಸಲ ಹಾಕಿ, ಗಾಯಕರು ಹಾಡುತ್ತಿರುವಾಗಲೇ ಹಿಂದೆ ವಯೊಲಿನ್‌ಗಳು ಏನು ಮಾಡುತ್ತಿವೆ ನೋಡಿ. ಎಷ್ಟೋ ಸಲ ಅವು ಹಾಡನ್ನು ಅನುಸರಿಸುವುದಿಲ್ಲ. ಹಾಡು ಇಳಿಯುವಾಗ ಅವು ಏರುತ್ತಿರುತ್ತವೆ. ಇಷ್ಟು ವರ್ಷ ಹಾಡಿಕೊಂಡ ಹಾಡಿನಲ್ಲಿ ಇಂಥದ್ದೊಂದು ಬಚ್ಚಿಟ್ಟಿತ್ತಾ ಅಂತ ಆಶ್ಚರ್ಯವಾಗುತ್ತದೆ.

ಅಲ್ಲಿಂದ ಮುಂದಿನ ಮೆಟ್ಟಿಲು 1983ರ ‘ಪಲ್ಲವಿ ಅನುಪಲ್ಲವಿ’. ಮಣಿರತ್ನಂ ಅವರ ಮೊದಲ ಸಿನಿಮಾ, ಅದೂ ಕನ್ನಡದಲ್ಲಿ. ಸಂಗೀತ ಇಳಯರಾಜ. ಅವರು ಮೊದಲು ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ ಸಹಾಯಕರಾಗಿದ್ದವರು. ಹಾಗಾಗಿ ಈ ಕೊಂಡಿ ನಮ್ಮ ಮನೆಯದೇ. ಈ ಸಿನಿಮಾದ ಸಂಗೀತದ ಒಂದು ತುಣುಕು ಎಷ್ಟೋ ವರ್ಷದ ನಂತರ ಮೊಬೈಲ್ ಕಂಪನಿಯ ಜಾಹೀರಾತಿಗೆ ಹೋಗಿ ಊರೆಲ್ಲ ರಿಂಗಾಯಿತು. ಜಾಹೀರಾತನ್ನು ಮರೆತು, ಸಿನಿಮಾದೊಳಗೆ ಆ ಧಾಟಿ ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕಿ. ಒಂದೇ ಧಾಟಿಯನ್ನು ಬೇರೆ ಬೇರೆ ಕೈಗೆ ಕೊಡುವ ಕೆಲಸದಲ್ಲಿ ಇಳಯರಾಜರಷ್ಟು ಚುರುಕಾದವರು ಕಡಿಮೆ. 2025ರ ಮಾರ್ಚ್ 8ರಂದು ಲಂಡನ್‌ನಲ್ಲಿ ಅವರ ಸಿಂಫನಿ ನುಡಿಸಿದರಲ್ಲ, ಅದಕ್ಕೆ ಅಡಿಪಾಯ ಇಂಥ ಕೆಲಸಗಳಲ್ಲೇ ಬಿದ್ದಿತ್ತು.

ಹಾರ್ಮೋನಿಯಂ ಮುಂದೆ ಕೂತುಕೊಳ್ಳಿ

ಇದು ಈ ಲೇಖನದ ಮುಖ್ಯ ಹಂತ. ದಯವಿಟ್ಟು ಓದಿ ಬಿಡಬೇಡಿ, ಮಾಡಿ ನೋಡಿ. ನಮ್ಮ ಕಡೆ ಹಾರ್ಮೋನಿಯಂ ಸಿಗದ ಓಣಿ ಇಲ್ಲ. ಮನೆಯಲ್ಲಿಲ್ಲದಿದ್ದರೆ ಮಠದಲ್ಲೋ ಭಜನಾ ಮಂಡಳಿಯಲ್ಲೋ ಇರುತ್ತದೆ. ಅದೂ ಆಗದಿದ್ದರೆ ಫೋನಿನಲ್ಲಿ ಕೀಬೋರ್ಡ್ ಆ್ಯಪ್ ಹಾಕಿಕೊಳ್ಳಿ.

ಬಿಳಿ ಒಂದನ್ನು (ಕೀಬೋರ್ಡ್ ಆ್ಯಪ್‌ನಲ್ಲಿ C) ಸಾ ಮಾಡಿಕೊಳ್ಳಿ. ಎಡಗೈ ಬಾತೆ (ಗಾಳಿಯ ತಿದಿ) ಹಾಕಲಿ. ಬಲಗೈಯ ಕಿರುಬೆರಳನ್ನು ಮಧ್ಯ ಸಪ್ತಕದ ಗ ಮೇಲೆ ಇಡಿ, ಶುದ್ಧ ಗಾಂಧಾರ. ಅದರ ಕೆಳಗಿನ ಸಾ ಮೇಲೆ ಉಂಗುರಬೆರಳೋ ನಡುಬೆರಳೋ, ಯಾವುದು ಅನುಕೂಲವೋ ಅದು. ಹೆಬ್ಬೆರಳು ಮಂದ್ರ ಪ ಮೇಲೆ, ಅಂದರೆ ಆ ಸಾ ಗಿಂತ ಕೆಳಗಿನ ಸಪ್ತಕದ ಪ. ಮೂರನ್ನೂ ಒಟ್ಟಿಗೆ ಒತ್ತಿ. ಪ, ಸಾ, ಗ. ಮನೆಗೆ ಬಂದು ಚಪ್ಪಲಿ ಬಿಟ್ಟಷ್ಟು ನಿರಾಳ.

ಈಗ ಸಾ, ಗ ಎರಡನ್ನೂ ಬಿಡಬೇಡಿ. ಹೆಬ್ಬೆರಳನ್ನು ಮಾತ್ರ ಒಂದು ಬಿಳಿ ಮನೆ ಮೇಲೆ ಸರಿಸಿ, ಮಂದ್ರ ಧ ಗೆ. ಧ, ಸಾ, ಗ. ಏನೋ ಮಂಕಾಯಿತು ಅಲ್ವಾ? ಗ ಅದೇ ಗ. ನೀವು ಅದನ್ನು ಮುಟ್ಟಿಲ್ಲ.

ಮೂರನೆಯದು. ಹೆಬ್ಬೆರಳನ್ನು ಮಂದ್ರ ಮ ಗೆ ಇಳಿಸಿ. ಕೈ ಸ್ವಲ್ಪ ಅಗಲಿಸಬೇಕಾಗುತ್ತದೆ. ಮ, ಸಾ, ಗ. ಈಗ ಆ ಗ ಕೆಳಗಿನ ಮ ಜೊತೆ ಪೂರ್ತಿ ಹೊಂದುವುದಿಲ್ಲ, ಹಾಗಂತ ಜಗಳವನ್ನೂ ಆಡುವುದಿಲ್ಲ. ಎಲ್ಲಿಗೋ ಹೋಗಬೇಕು ಅನ್ನುತ್ತದೆ, ಹೋಗುವುದಿಲ್ಲ. ಸಿನಿಮಾ ಸಂಗೀತದಲ್ಲಿ ನೀವು ಸಾವಿರ ಸಲ ಕೇಳಿರುವ ‘ಹಂಬಲ’ದ ಬಣ್ಣಗಳಲ್ಲಿ ಇದೂ ಒಂದು. ಒಬ್ಬರು ಬಾತೆ ಹಾಕಿಕೊಟ್ಟರೆ ನಿಮ್ಮ ಎಡಗೈ ಬಿಡುವಾಗುತ್ತದೆ. ಆಗ ಮಂದ್ರ ಧ ಕೂಡ ಸೇರಿಸಿ, ಬಣ್ಣ ಇನ್ನೂ ಗಾಢವಾಗುತ್ತದೆ.

ಈ ಮೂರನ್ನೂ ನಿಧಾನವಾಗಿ, ಒಂದೊಂದಕ್ಕೆ ಎಂಟೆಂಟು ಎಣಿಸಿ, ಹಿಂದೆ ಮುಂದೆ ಮಾಡುತ್ತಾ ಗ ಒಂದನ್ನೇ ಬಾಯಲ್ಲಿ ಹಿಡಿದು ಹಾಡಿ. ಹಾಡುವ ಸ್ವರ ಬದಲಾಗದೆ ಹಾಡುವವರ ಮನಸ್ಸು ಬದಲಾಗುವುದನ್ನು ನಿಮ್ಮ ಗಂಟಲಲ್ಲೇ ಗಮನಿಸಬಹುದು.

ಇನ್ನೊಂದು ಆಟ. ಪ, ಸಾ ಹಿಡಿದು, ಗ ಬದಲು ಮಧ್ಯ ಸಪ್ತಕದ ಮ ಒತ್ತಿ. ತಡೆಯಿರಿ. ಇನ್ನೂ ತಡೆಯಿರಿ. ಈಗ ಗ ಗೆ ಇಳಿಯಿರಿ. ಬರಬೇಕಾದ ಸ್ವರವನ್ನು ಪಕ್ಕದ ಸ್ವರದಲ್ಲಿ ತಡೆದು ಕೊಡುವುದು ಖಯಾಲ್ ಕೇಳಿದವರಿಗೆ ಹೊಸತಲ್ಲ. ಇಲ್ಲಿ ಆ ತಡೆಯನ್ನು ಗಾಯಕರು ಒಬ್ಬರೇ ಮಾಡದೆ ನಲವತ್ತು ಜನ ಸೇರಿ ಮಾಡುತ್ತಾರೆ ಅಷ್ಟೇ.

ಇದಾದ ಮೇಲೆ ಯಾವುದೇ ಪ್ರೇಮದ ಧಾಟಿ ಕೇಳಿದರೂ ನಿಮ್ಮ ಕಿವಿ ತಾನಾಗಿ ಹೆಬ್ಬೆರಳಿನ ಕಡೆ ಹೋಗುತ್ತದೆ. ಹೋಗದಿದ್ದರೆ ಇನ್ನೆರಡು ದಿನ ಹಾರ್ಮೋನಿಯಂ ಮುಂದೆ ಕೂರಿ. ಮುಂದಿನ ಹಂತಕ್ಕೆ ಅವಸರ ಇಲ್ಲ.

ಒಂದೇ ಒಂದು ತುಣುಕು, ಐದು ಸಲ

ಈಗ ಹೊರಗಿನ ಒಂದು ತುಣುಕು. ಹಾಂಗ್‌ಕಾಂಗ್‌ನ ನಿರ್ದೇಶಕ ವಾಂಗ್ ಕಾರ್-ವಾಯ್ ಅವರ ‘ಇನ್ ದ ಮೂಡ್ ಫಾರ್ ಲವ್’ (2000) ಸಿನಿಮಾದಲ್ಲಿ ಬರುವ ‘ಯುಮೆಜೀಸ್ ಥೀಮ್’. ಬರೆದವರು ಜಪಾನಿನ ಶಿಗೆರು ಉಮೆಬಯಾಶಿ. ಬರೆದದ್ದು ಈ ಸಿನಿಮಾಕ್ಕಲ್ಲ, 1991ರ ‘ಯುಮೆಜಿ’ ಅನ್ನುವ ಜಪಾನಿ ಸಿನಿಮಾಕ್ಕೆ. ಆದರೂ ಇವತ್ತು ಲೋಕದ ತುಂಬ ಅದು ಎರಡನೇ ಸಿನಿಮಾದ್ದು ಅಂತಲೇ ಹೆಸರಾಗಿದೆ. ತವರಿಗಿಂತ ಅತ್ತೆಮನೆಯಲ್ಲೇ ಹೆಸರು ಮಾಡಿದ ಸಂಗೀತ.

ಮೊದಲನೇ ಸಲ ಏನೂ ಮಾಡಬೇಡಿ, ಕೇಳಿ.

ಎರಡನೇ ಸಲ ಬೆರಳಲ್ಲಿ ಎಣಿಸಿ. ಒಂದು-ಎರಡು-ಮೂರು, ಒಂದು-ಎರಡು-ಮೂರು. ದಾದರಾ ಗೊತ್ತಿದ್ದವರಿಗೆ ಕೂಡಲೇ ಸಿಗುತ್ತದೆ. ಆದರೆ ಇಲ್ಲಿ ತಬಲಾ ಇಲ್ಲ. ಆ ಎಣಿಕೆಯನ್ನು ಹೇಳುತ್ತಿರುವುದು ಬೆರಳಿನಿಂದ ಮೀಟಿದ ತಂತಿಗಳು. ಕಮಾನನ್ನು ಬಿಟ್ಟು ಬೆರಳಲ್ಲಿ ಮೀಟಿದಾಗ ಸ್ವರ ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಹೆಜ್ಜೆ ಇಟ್ಟಂತೆ ಕೇಳುತ್ತದೆ.

ಮೂರನೇ ಸಲ ಮೇಲಿನ ವಯೊಲಿನ್ ಒಂದನ್ನೇ ಹಿಂಬಾಲಿಸಿ. ವಯೊಲಿನ್ ನಮಗೆ ಪರಕೀಯವಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ನುಡಿಸುತ್ತಿದ್ದ ಹಲವು ವಾದ್ಯಗಳಲ್ಲಿ ಅದೂ ಒಂದು. ಆದರೆ ನಮ್ಮವರು ನೆಲದ ಮೇಲೆ ಕೂತು, ಬೆರಳು ಜಾರಿಸಿ ಮೀಂಡ್ ತೆಗೆಯುತ್ತಾರೆ. ಪಾಶ್ಚಾತ್ಯ ಪದ್ಧತಿಯವರು ಗದ್ದದ ಕೆಳಗಿಟ್ಟು, ಸ್ವರದ ಮೇಲೆ ನಿಂತು ಬೆರಳನ್ನು ನಡುಗಿಸುತ್ತಾರೆ. ಆ ನಡುಕ ಎಲ್ಲಿ ಜಾಸ್ತಿ, ಎಲ್ಲಿ ಇಲ್ಲವೇ ಇಲ್ಲ ಅಂತ ಗುರುತಿಸಿ. ನಡುಕ ಇಲ್ಲದ ಸ್ವರ ಎಷ್ಟು ಬರಿದಾಗಿ ಕೇಳುತ್ತದೆ ನೋಡಿ.

ನಾಲ್ಕನೇ ಸಲ ಕೆಳಗಿನ ವಾದ್ಯಗಳು. ಹೆಬ್ಬೆರಳಿನ ಕೆಲಸ.

ಐದನೇ ಸಲ ಸಿನಿಮಾದ ಜೊತೆ. ನಾಯಕಿ ಕೈಯಲ್ಲಿ ಡಬ್ಬಿ ಹಿಡಿದು ನೂಡಲ್ಸ್ ತರಲು ಓಣಿಯ ಮೆಟ್ಟಿಲು ಇಳಿಯುತ್ತಾಳೆ. ನಾಯಕ ಅದೇ ಮೆಟ್ಟಿಲಲ್ಲಿ ಎದುರಾಗುತ್ತಾನೆ. ಚಿತ್ರ ನಿಧಾನಗತಿಯಲ್ಲಿ ಓಡುತ್ತದೆ. ಅವರು ಮುಟ್ಟುವುದಿಲ್ಲ, ನಿಲ್ಲುವುದೂ ಇಲ್ಲ. ಊಟ ತರಲು ಹೋಗುವುದರಲ್ಲಿ ಪ್ರೇಮ ಏನಿದೆ? ಏನೂ ಇಲ್ಲ. ಸದ್ದು ನಿಲ್ಲಿಸಿ ಅದೇ ದೃಶ್ಯ ನೋಡಿ, ಊಟ ತರುವುದೇ ಉಳಿಯುತ್ತದೆ. ಇದೇ ಧಾಟಿ ಸಿನಿಮಾದುದ್ದಕ್ಕೂ ಹಲವು ಸಲ ಮರಳಿ ಬರುತ್ತದೆ. ಸಂಗೀತ ಹೆಚ್ಚುಕಡಿಮೆ ಅದೇ, ಆದರೆ ಅಷ್ಟರಲ್ಲಿ ನಿಮಗೆ ಅವರಿಬ್ಬರ ಬಗ್ಗೆ ಜಾಸ್ತಿ ಗೊತ್ತಾಗಿರುತ್ತದೆ.

ಹತ್ತಿರವೋ ದೂರವೋ

ಒಂದು ವಯೊಲಿನ್ ಒಬ್ಬ ಮನುಷ್ಯ. ಇಪ್ಪತ್ತು ವಯೊಲಿನ್ ಒಂದೇ ಸ್ವರ ನುಡಿಸಿದರೆ ಮನುಷ್ಯ ಕಾಣೆಯಾಗಿ ಭಾವ ಮಾತ್ರ ಉಳಿಯುತ್ತದೆ. ಸಂಯೋಜಕರು ಈ ಎರಡರ ನಡುವೆ ಓಡಾಡುತ್ತಾರೆ. ಆಪ್ತವಾದ ಸಂಗೀತದಲ್ಲಿ ಎಷ್ಟು ಜನ ನುಡಿಸುತ್ತಿದ್ದಾರೆ ಅಂತ ಪ್ರತಿ ಸಲ ಅಂದಾಜು ಮಾಡಿ. ತಪ್ಪಾದರೂ ಪರವಾಗಿಲ್ಲ.

ಜೊತೆಗೆ ಮ್ಯೂಟ್ ಅನ್ನುವುದನ್ನು ಗುರುತಿಸಲು ಕಲಿಯಿರಿ. ವಯೊಲಿನ್ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ಪಟ್ಟಿ) ಮೇಲೆ ಸಿಕ್ಕಿಸುವ ಸಣ್ಣ ರಬ್ಬರ್ ಅಥವಾ ಮರದ ತುಂಡು ಅದು. ಹಾಕಿದರೆ ನಾದದ ಹೊಳಪು ಹೋಗಿ ಮಬ್ಬಾಗುತ್ತದೆ. ಬರೀ ಮೆತ್ತಗೆ ನುಡಿಸುವುದಕ್ಕೂ ಮ್ಯೂಟ್ ಹಾಕಿ ನುಡಿಸುವುದಕ್ಕೂ ವ್ಯತ್ಯಾಸ ಇದೆ. ಒಮ್ಮೆ ಕಿವಿಗೆ ಬಿತ್ತೆಂದರೆ ಮತ್ತೆ ಮರೆಯುವುದಿಲ್ಲ.

ಚೆಲ್ಲೊ ಬಗ್ಗೆ ಒಂದು ಮಾತು. ಅದರ ವ್ಯಾಪ್ತಿ ಗಂಡಸಿನ ದನಿಯ ವ್ಯಾಪ್ತಿಯನ್ನು ಪೂರ್ತಿ ಒಳಗೊಳ್ಳುತ್ತದೆ, ಇನ್ನೂ ಮೇಲಕ್ಕೂ ಹೋಗುತ್ತದೆ. ಮಾತಾಡಲಾರದ ಗಂಡಸರ ಪಾತ್ರ ಇರುವ ಸಿನಿಮಾಗಳಲ್ಲಿ ಚೆಲ್ಲೊ ಅವರ ಪರವಾಗಿ ಮಾತಾಡುವುದನ್ನು ನೀವೇ ಕಂಡುಕೊಳ್ಳುತ್ತೀರಿ. ಓಬೊ, ಕ್ಲಾರಿನೆಟ್, ಹಾರ್ಪ್ ಇವುಗಳ ಪರಿಚಯಕ್ಕೆ ಒಂದೊಂದರ ವಿಡಿಯೊ ನೋಡಿದರೆ ಸಾಕು.

ಸಂಗೀತ ಎಲ್ಲಿಂದ ಬರುತ್ತಿದೆ?

ಸಿನಿಮಾ ನೋಡುವಾಗ ಕೈಯಲ್ಲೊಂದು ನೋಟ್‌ಬುಕ್ ಇರಲಿ. ಸಂಗೀತ ಶುರುವಾದ ನಿಮಿಷ-ಸೆಕೆಂಡು ಬರೆದುಕೊಳ್ಳಿ. ನಿಂತದ್ದನ್ನೂ ಬರೆಯಿರಿ. ಆಮೇಲೆ ಹಿಂದಕ್ಕೆ ಹೋಗಿ, ಶುರುವಾಗುವ ಮುಂಚಿನ ಕ್ಷಣದಲ್ಲಿ ಏನಾಯಿತು ನೋಡಿ. ಒಂದು ನೋಟ? ಬಾಗಿಲು? ಹೇಳಬೇಕೆಂದು ಹೇಳದ ಮಾತು? ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲಿ ಒಳ್ಳೆಯ ಸಂಯೋಜಕರ ಗುರುತು ಸಿಗುತ್ತದೆ, ನನ್ನ ಪ್ರಕಾರ ಶುರು ಮಾಡುವುದಕ್ಕಿಂತ ಅದೇ ಕಷ್ಟ. ಇವತ್ತಿನ ಅನೇಕ ಸಿನಿಮಾಗಳಲ್ಲಿ ಸಂಗೀತ ನಿಲ್ಲುವುದೇ ಇಲ್ಲ. ಅಂಥವನ್ನು ಈ ಅಭ್ಯಾಸಕ್ಕೆ ತಗೊಳ್ಳಬೇಡಿ.

ಇದಕ್ಕೆ ಒಳ್ಳೆಯ ಉದಾಹರಣೆ ಡೇವಿಡ್ ಲೀನ್ ಅವರ ‘ಬ್ರೀಫ್ ಎನ್‌ಕೌಂಟರ್’ (1945). ಮದುವೆಯಾಗಿರುವ ಇಬ್ಬರು ರೈಲ್ವೆ ಸ್ಟೇಷನ್ನಿನ ಚಹಾ ಕೋಣೆಯಲ್ಲಿ ಭೇಟಿಯಾಗುವ ಕಥೆ. (ಬೀಳ್ಕೊಡುವುದಕ್ಕೆ 1,507 ಮೀಟರ್ ಪ್ಲಾಟ್‌ಫಾರ್ಮ್ ಇಟ್ಟುಕೊಂಡ ಹುಬ್ಬಳ್ಳಿಯವರಿಗೆ ಈ ಕಥೆ ಬೇಗ ಹತ್ತಿರವಾಗಬೇಕು.) ಅವರ ಪ್ರೇಮಕ್ಕೆ ಹೊಸ ಧಾಟಿ ಬರೆಸಲಿಲ್ಲ, 1901ರಲ್ಲಿ ಪೂರ್ಣಗೊಂಡಿದ್ದ ರಷ್ಯದ ಸಂಯೋಜಕ ರಾಕ್ಮನಿನೊವ್ ಅವರ ಎರಡನೇ ಪಿಯಾನೊ ಕಾನ್ಸರ್ಟೊ (ಪಿಯಾನೊಗೂ ಆರ್ಕೆಸ್ಟ್ರಾಗೂ ಬರೆದ ಕೃತಿ) ಬಳಸಿದರು. ನಾಯಕಿ ಮನೆಯಲ್ಲಿ ಗಂಡನ ಎದುರು ಕೂತು ರೇಡಿಯೊ ಹಚ್ಚುತ್ತಾಳೆ, ಆ ಸಂಗೀತ ಬರುತ್ತದೆ. ಅವಳ ನೆನಪು ಅದರೊಳಗೆ ಇಳಿಯುತ್ತದೆ. ಗಂಡ ಪದಬಂಧ ತುಂಬಿಸುತ್ತಾ, ಸ್ವಲ್ಪ ಕಡಿಮೆ ಮಾಡ್ತೀಯಾ ಅನ್ನುತ್ತಾನೆ. ಅವನಿಗೆ ಅದು ರೇಡಿಯೊ. ಅವಳಿಗೆ ಅದು ಇನ್ನೊಂದು ಬದುಕು. ಅವನು ಒಳ್ಳೆಯ ಮನುಷ್ಯ ಅನ್ನುವುದು ಈ ದೃಶ್ಯವನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ಸಂಗೀತ ಪಾತ್ರಗಳಿಗೂ ಕೇಳುತ್ತಿದೆಯೋ ನಮಗೆ ಮಾತ್ರವೋ ಅಂತ ಇಲ್ಲಿಂದ ಮುಂದೆ ಪ್ರತಿ ಸಿನಿಮಾದಲ್ಲೂ ಕೇಳಿಕೊಳ್ಳಿ. 2005ರ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ನ ಶುರುವಿನಲ್ಲೂ ಸಂಯೋಜಕ ಡಾರಿಯೊ ಮರಿಯನೆಲ್ಲಿ ಇದೇ ಆಟ ಆಡುತ್ತಾರೆ: ಹೊರಗಿನ ಸಂಗೀತ ಅಂದುಕೊಂಡ ಪಿಯಾನೊ ಮನೆಯೊಳಗೆ ನಾಯಕಿಯ ತಂಗಿ ಬಾರಿಸುತ್ತಿರುವುದಾಗಿ ಬಿಡುತ್ತದೆ.

ಕಷ್ಟದ್ದು ಕೊನೆಗೆ

ಬರ್ನಾರ್ಡ್ ಹರ್ಮನ್ ಬರೆದ ‘ವರ್ಟಿಗೊ’ (1958, ಹಿಚ್‌ಕಾಕ್) ಸಂಗೀತವನ್ನು ಮೊದಲೇ ಕೇಳಬೇಡಿ. ಹಾರ್ಮೋನಿಯಂ ಅಭ್ಯಾಸ ಆದ ಮೇಲೆ ಅದರ ‘ಸೀನ್ ದಾಮೂರ್’ (ಫ್ರೆಂಚ್‌ನಲ್ಲಿ ‘ಪ್ರೇಮದ ದೃಶ್ಯ’) ಭಾಗ ಹಾಕಿ. ಪ್ರೇಮ ಇಲ್ಲಿ ಹುಚ್ಚಿನ ಅಂಚಿನಲ್ಲಿದೆ. ನಾಯಕ ಒಬ್ಬ ಹೆಂಗಸನ್ನು ಸತ್ತುಹೋದ ಇನ್ನೊಬ್ಬಳ ಹಾಗೆ ಬಟ್ಟೆ ಉಡಿಸಿ, ಕೂದಲು ಕಟ್ಟಿಸಿ, ಅವಳು ಕೋಣೆಯಿಂದ ಹೊರಬರುವುದನ್ನು ಕಾಯುತ್ತಾನೆ. ಮಾತು ಹೆಚ್ಚುಕಡಿಮೆ ಇಲ್ಲ. ತಂತಿವಾದ್ಯಗಳು ಬಹಳ ಮೆಲ್ಲಗೆ ಶುರುವಾಗಿ, ಏರಿ, ನಿಲ್ಲಬೇಕಾದ ಕಡೆ ನಿಲ್ಲದೆ ಇನ್ನೊಂದು ಮೆಟ್ಟಿಲು ಏರುತ್ತವೆ. ಜರ್ಮನಿಯ ವ್ಯಾಗ್ನರ್ ಅವರ ‘ಟ್ರಿಸ್ಟಾನ್’ ಒಪೆರಾದ (ಹಾಡಿನಲ್ಲೇ ನಡೆಯುವ ನಾಟಕ) ನೆರಳು ಇದರ ಮೇಲೆ ದಟ್ಟವಾಗಿದೆ. ಮ ದಿಂದ ಗ ಗೆ ಇಳಿಯಲು ನೀವು ಎಷ್ಟು ತಡೆದಿರಿ? ಹರ್ಮನ್ ನಿಮಿಷಗಟ್ಟಲೆ ತಡೆಯುತ್ತಾರೆ. ಬಡಾ ಖಯಾಲ್ ಕೇಳಿದ ಕಿವಿ ಇಲ್ಲಿ ಬೇರೆಯವರಿಗಿಂತ ಮುಂದಿರುತ್ತದೆ, ಖಂಡಿತ.

ಇದರ ಎದುರು ‘ಸಿನಿಮಾ ಪ್ಯಾರಡಿಸೊ’ (1988) ಸಂಗೀತ ಸರಳ. ಎನ್ನಿಯೊ ಮೊರಿಕೋನೆ ಅವರದು, ಅದರ ಪ್ರೇಮದ ಧಾಟಿ ಮಗ ಆಂಡ್ರಿಯಾ ಬರೆದದ್ದು. ಟಾಕೀಸಿನಲ್ಲಿ ಬೆಳೆದವರಿಗೆ ಅದನ್ನು ಯಾವ ಹಂತ-ಪಾಠವೂ ಇಲ್ಲದೆ ಒಪ್ಪಿಸಿಬಿಡಬಹುದು. ಕೊನೆಯ ದೃಶ್ಯ ಏನೆಂದು ಯಾರಿಂದಲೂ ಕೇಳಿಕೊಳ್ಳದೆ ನೋಡಿ.

ನಾಲ್ಕು ಜನ ಸೇರಿದರೆ

ಒಬ್ಬರೇ ಕೇಳುವುದು ಚೆನ್ನ, ಆದರೆ ತಿಂಗಳಿಗೊಮ್ಮೆ ಮೂರ್ನಾಲ್ಕು ಜನ ಸೇರಿ. ಒಂದು ಸಣ್ಣ ಸ್ಪೀಕರ್ ಸೆಟ್ ಸಾಕು. ಮನೆ ಬೈಠಕ್‌ಗೆ ಕೂತ ಹಾಗೆ ಜಮಖಾನೆ ಹಾಸಿ. ಗಿರ್ಮಿಟ್, ಮಿರ್ಚಿ ಭಜಿ ಮೊದಲೇ ಮುಗಿಸಿಬಿಡಿ. ಚುರುಮುರಿ ಅಗಿಯುವ ಸದ್ದಿನಲ್ಲಿ ಮ್ಯೂಟ್ ಹಾಕಿದ ವಯೊಲಿನ್ ಕೇಳುವುದಿಲ್ಲ. ಮೂರು ನಿಮಿಷದ ಒಂದು ತುಣುಕು ಆರಿಸಿ. ಒಬ್ಬರಿಗೆ ಮೇಲಿನ ಧಾಟಿ, ಒಬ್ಬರಿಗೆ ಕೆಳಗಿನ ತಂತಿ, ಒಬ್ಬರಿಗೆ ನಡುವಿನ ವಾದ್ಯಗಳು, ಇನ್ನೊಬ್ಬರಿಗೆ ಬರೀ ಮೌನದ ಜಾಗಗಳು ಅಂತ ಹಂಚಿಕೊಳ್ಳಿ. ಮುಗಿದ ಮೇಲೆ ಒಬ್ಬೊಬ್ಬರೇ ಹೇಳಿ, ಹಂಚಿಕೆ ಬದಲಿಸಿ ಮತ್ತೆ ಹಾಕಿ. ಸಿನಿಮಾ ಯಾವುದು ಅಂತ ಮೊದಲು ಹೇಳಬೇಡಿ. ಯಾರೋ ಒಬ್ಬರು ‘ಇದು ಭೇಟಿಯಾಗೋ ಸೀನ್’ ಅನ್ನುತ್ತಾರೆ, ಇನ್ನೊಬ್ಬರು ‘ಏ, ಬಿಟ್ಟು ಹೋಗೋದರಿ ಇದು’ ಅನ್ನುತ್ತಾರೆ. ಇಬ್ಬರೂ ಯಾವ ನಿಮಿಷದಲ್ಲಿ, ಯಾವ ವಾದ್ಯ ಕೇಳಿ ಹಾಗೆ ಅನಿಸಿತು ಅಂತ ಹೇಳಬೇಕು. ಆಮೇಲೆ ದೃಶ್ಯ ಹಾಕಿ ನೋಡಿ.